ಮಾಗಳ ಸೀಮೆಯ ಬಾವಿಗಳು ಮತ್ತು ಕುಡಿಯುವ ನೀರಿನ ಪರೀಕ್ಷೆ

ಬಾವಿಯ ನೀರನ್ನು ನೆಚ್ಚಿ ಬದುಕುವ ಕಡೆಯಲ್ಲೆಲ್ಲ ಆ ನೀರು ಕುಡಿಯಲು ಒಳ್ಳೆಯದೇ ಎಂದು ನೋಡುವ ಪದ್ಧತಿಯೊಂದು ಇದ್ದೇ ಇರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಸೇರಿದ ಮಾಗಳ ಸೀಮೆಯಲ್ಲಿ ಈ ಪದ್ಧತಿ ಕಳೆದ ನೂರೈವತ್ತು ವರ್ಷಗಳಲ್ಲಿ ಬುಡಮಟ್ಟ ಬದಲಾಯಿತು. ಹಿಂದೆ ನಾಲಿಗೆ, ಬೇಳೆ, ಸಾಬೂನು ನೀಡುತ್ತಿದ್ದ ತೀರ್ಪನ್ನು ಈಗ ಬಣ್ಣ ಬದಲಿಸುವ ಹನಿಗಳು ಮತ್ತು ಕಪ್ಪಾಗುವ ಬಾಟಲಿ ನೀಡುತ್ತವೆ. ಈ ಬದಲಾವಣೆಯ ಹಿಂದೆ ಮೂರು ಪಿಡುಗುಗಳಿವೆ: ಕಾಲರಾ, ನಾರುಹುಣ್ಣು, ಫ್ಲೋರೋಸಿಸ್. ಮೂರನ್ನೂ ತರುವ ನೀರು ನೋಡಲು ತಿಳಿಯಾಗಿರಬಲ್ಲದು, ಕುಡಿಯಲು ರುಚಿಯಾಗಿಯೂ ಇರಬಲ್ಲದು. ಹಳೆಯ ಪರೀಕ್ಷೆಗಳು ಸೋತದ್ದು ಇಲ್ಲಿಯೇ.

ಸೀಮೆಗೆ ಹೆಸರು ಕೊಟ್ಟ ಮಾಗಳ ಹೂವಿನಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿಗೆ ಹೆಸರಾದ ಊರು. ಹೊಳೆಯ ಮಗ್ಗುಲಿನ ಊರುಗಳಿಗೆ ಹೊಳೆಯ ನೀರೇ ಆಧಾರ. ಹೊಳೆಯಿಂದ ಹಿಂದೆ ಸರಿದಂತೆ, ಕೊಟ್ಟೂರು, ಕೂಡ್ಲಿಗಿ, ಗುಡೇಕೋಟೆಗಳ ಕಡೆ ಹೋದಂತೆ, ಮಸಾರಿ ನೆಲವೂ ಕಲ್ಲುಗುಡ್ಡಗಳೂ ಶುರುವಾಗುತ್ತವೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚುವಂತಹದ್ದಲ್ಲ. ಚಿಕ್ಕ ಹಗರಿಯಂತಹ ಹಳ್ಳಗಳು ವರ್ಷದ ಬಹುಪಾಲು ಬರೀ ಮರಳಾಗಿ ಮಲಗಿರುತ್ತವೆ. ಆ ಮರಳಲ್ಲಿ ತೋಡಿದ ವರ್ತಿ, ಕೆರೆಯ ಹಿಂದಿನ ಬಾವಿ, ಊರ ನಡುವಿನ ಮೆಟ್ಟಿಲ ಬಾವಿ, ಗುಡಿಯ ಹೊಂಡ, ಉಳ್ಳವರ ಹಿತ್ತಲ ಸೇದುವ ಬಾವಿ, ಹೊಲದ ಕಪಿಲೆ ಬಾವಿ ಇವೇ ಕೊಡ ತುಂಬುವ ತಾಣಗಳಾಗಿದ್ದವು.

ಈ ತಾಣಗಳ ನೀರನ್ನು ಹೆಂಗಸರು ವಿಂಗಡಿಸುತ್ತಿದ್ದರು, ಏಕೆಂದರೆ ನೀರು ಹೊರುವವರೂ ಅಡಿಗೆ ಮಾಡುವವರೂ ಅವರೇ. ಸಿಹಿನೀರು ಕುಡಿಯಲಿಕ್ಕೆ, ಸವಳುನೀರು ದನಕ್ಕೆ ಮತ್ತು ಬಳಕೆಗೆ. ಸಿಹಿಯೋ ಸವಳೋ ಎಂಬುದನ್ನು ನಾಲಿಗೆಯೇ ಹೇಳುತ್ತಿತ್ತು. ಅನುಮಾನ ಬಂದರೆ ತೊಗರಿಬೇಳೆ ಹೇಳುತ್ತಿತ್ತು. ಒಂದು ಬಾವಿಯ ನೀರಿನಲ್ಲಿ ಬೇಳೆ ಕರಗಿ ಹೋಗುತ್ತದೆ, ಇನ್ನೊಂದರಲ್ಲಿ ಎಷ್ಟು ಸೌದೆ ಸುಟ್ಟರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇಳೆಯ ಕಣಗೋಡೆಯಲ್ಲಿರುವ ಪೆಕ್ಟಿನ್ನನ್ನು ಗಟ್ಟಿಮಾಡುವುದರಿಂದ ಹೀಗಾಗುತ್ತದೆ. ಸಾಬೂನು ಬಂದ ಮೇಲೆ ಇನ್ನೊಂದು ಪರೀಕ್ಷೆಯೂ ದೊರೆಯಿತು: ಗಡಸುನೀರಿನಲ್ಲಿ ನೊರೆ ಏಳದೆ ಬಿಳಿಯ ಗಸಿ ಕಟ್ಟುತ್ತದೆ. 1841ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ ನೀರಿನ ಗಡಸುತನ ಅಳೆಯಲು ಬಳಸಿದ್ದೂ ಸಾಬೂನಿನ ದ್ರಾವಣವನ್ನೇ. ಬಚ್ಚಲ ಹಂಡೆಯೊಳಗೆ ಕಟ್ಟುವ ಸುಣ್ಣದ ಪದರ, ಕೊಡದ ತಳದ ಜಂಗಿನ ಬಣ್ಣ, ಕಾಯಿಸಿದ ಹಾಲು ಒಡೆಯುವುದು, ಒಂದು ರಾತ್ರಿ ಇಟ್ಟ ನೀರಿನ ಮೇಲೆ ಎಣ್ಣೆಯಂತೆ ತೇಲುವ ಕೆನೆ ಇವೂ ಗುರುತುಗಳೇ. ಸೊಸೆಯಾಗಿ ಬಂದವಳು ಮೊದಲ ತಿಂಗಳಲ್ಲಿ ಕಲಿಯುತ್ತಿದ್ದ ಪಾಠಗಳಲ್ಲಿ ಯಾವ ಬಾವಿಯ ನೀರು ಯಾವುದಕ್ಕೆ ಎಂಬುದೂ ಒಂದು. ಇದು ನಿಜವಾದ ಜ್ಞಾನ. ಗಡಸುತನ, ಉಪ್ಪು, ಕಬ್ಬಿಣ ಈ ಮೂರನ್ನು ಇಂದಿನ ಪರೀಕ್ಷಾ ಕಿಟ್ಟುಗಳೂ ಅಳೆಯುತ್ತವೆ. ಅಡುಗೆಮನೆ ಅವನ್ನು ಕಿಟ್ಟುಗಳಿಗೂ ಮುಂಚೆಯೇ ಸುಮಾರಾಗಿ ಸರಿಯಾಗಿ ಹೇಳುತ್ತಿತ್ತು.

ಪುಸ್ತಕದ ಪರಂಪರೆಯೂ ಇತ್ತು. ಮಾಗಳ, ಬಾಗಳಿ, ಕುರುವತ್ತಿಗಳಲ್ಲಿ ಚಾಲುಕ್ಯ ಶಿಲ್ಪ ಅರಳಿದ ಅದೇ ಹನ್ನೊಂದನೆಯ ಶತಮಾನದಲ್ಲಿ, ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ನೆಲದೊಳಗಿನ ನೀರನ್ನು ಗಿಡಮರ, ಹುತ್ತ, ಮಣ್ಣಿನ ಬಣ್ಣಗಳಿಂದ ಗುರುತಿಸುವ ವಿದ್ಯೆ ಅದರಲ್ಲಿದೆ. ಇದಕ್ಕೆ ಹಿಂದಿನ ವರಾಹಮಿಹಿರನ ಬೃಹತ್ಸಂಹಿತೆ ಕೆಟ್ಟ ನೀರನ್ನು ತಿಳಿಗೊಳಿಸಲು ನೆಲ್ಲಿ, ಲಾವಂಚ, ಚಿಲ್ಲದ ಬೀಜ ಮುಂತಾದವುಗಳ ಪುಡಿಯನ್ನು ಬಾವಿಗೆ ಹಾಕಲು ಹೇಳುತ್ತದೆ. ಚಿಲ್ಲದ ಬೀಜವನ್ನು ಮಡಕೆಯ ಒಳಗೋಡೆಗೆ ತೇಯ್ದರೆ ಕದಡಿದ ನೀರಿನ ಮಣ್ಣು ತಳಕ್ಕಿಳಿಯುತ್ತದೆ. ಮಣ್ಣಿನ ಜೊತೆ ಒಂದಷ್ಟು ಸೂಕ್ಷ್ಮಜೀವಿಗಳೂ ಇಳಿಯುತ್ತವೆ. ಆದರೆ ಈ ಗ್ರಂಥಗಳಲ್ಲಿ ನೀರಿನ ಗುಣವೆಂದರೆ ಬಣ್ಣ, ವಾಸನೆ, ರುಚಿ, ತಿಳಿತನ. ಕಣ್ಣಿಗೆ ಬೀಳದ ಕೇಡಿನ ಕಲ್ಪನೆ ಅಲ್ಲಿಲ್ಲ.

ನೀರಿನ ಶುದ್ಧಿಯ ಬಗ್ಗೆ ಊರಿನಲ್ಲಿ ಎಲ್ಲಕ್ಕಿಂತ ಬಿಗಿಯಾಗಿ ಪಾಲಿಸಿದ ನಿಯಮ ಮಾತ್ರ ನೀರಿಗೆ ಸಂಬಂಧಿಸಿದ್ದೇ ಆಗಿರಲಿಲ್ಲ. ಬಾವಿಯನ್ನು ಮುಟ್ಟಿದವರು ಯಾರು ಎಂಬುದರ ಮೇಲೆ ನೀರು ಮೈಲಿಗೆಯೋ ಮಡಿಯೋ ಎಂದು ತೀರ್ಮಾನವಾಗುತ್ತಿತ್ತು. ಅಸ್ಪೃಶ್ಯರೆನಿಸಿದವರು ಊರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹಾಕುವವರೆಗೆ ಕಾಯಬೇಕಿತ್ತು, ಇಲ್ಲವೇ ಹಳ್ಳದ ವರ್ತಿಗೆ ಹೋಗಬೇಕಿತ್ತು. ಅದೇ ಬಾವಿಯ ಮೆಟ್ಟಿಲಲ್ಲಿ ಕಾಲು ತೊಳೆಯುವುದು, ಬಟ್ಟೆ ಒಗೆಯುವುದು ಯಾರಿಗೂ ದೋಷವಾಗಿ ಕಾಣಲಿಲ್ಲ. ಜನರನ್ನು ಪರೀಕ್ಷಿಸಿ ನೀರನ್ನು ಪರೀಕ್ಷಿಸದೆ ಬಿಟ್ಟ ಈ ವ್ಯವಸ್ಥೆ ಎರಡು ಪಟ್ಟು ಕೇಡು ಮಾಡಿತು: ಕೆಲವರಿಗೆ ಒಳ್ಳೆಯ ನೀರನ್ನು ತಪ್ಪಿಸಿತು, ಉಳಿದವರಿಗೆ ತಮ್ಮ ನೀರು ಶುದ್ಧವೆಂಬ ಸುಳ್ಳು ಭರವಸೆ ಕೊಟ್ಟಿತು. ಬಾವಿಯ ಬಳಿ ಅಸ್ಪೃಶ್ಯತೆ ಆಚರಿಸುವುದು 1955ರ ಕಾಯಿದೆಯಿಂದ ಶಿಕ್ಷಾರ್ಹ ಅಪರಾಧವಾಯಿತು.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಜಿಲ್ಲೆಗಳ ಜೊತೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂಬ ಮೂರು ತಾಲ್ಲೂಕುಗಳಾಗಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬರದ ಬೆನ್ನಿಗೆ ಕಾಲರಾ ಬರುತ್ತಿತ್ತು. 1876–78ರ ಮಹಾಕ್ಷಾಮ ಬಳ್ಳಾರಿ ಜಿಲ್ಲೆಯನ್ನು ಪ್ರಾಂತದಲ್ಲೇ ಅತಿ ಹೆಚ್ಚು ಬಾಧಿಸಿದ ಕಡೆಗಳಲ್ಲಿ ಒಂದಾಗಿಸಿತು. ಬಾವಿಗಳು ಬತ್ತಿ, ತಳದಲ್ಲಿ ಉಳಿದ ಬಗ್ಗಡಕ್ಕೆ ಜನ ಮುಗಿಬಿದ್ದಾಗ ಹಸಿವಿನ ಜೊತೆ ವಾಂತಿಭೇದಿಯೂ ಕೊಂದಿತು. ಊರವರು ಅದನ್ನು ದೇವಿಯ ಮುನಿಸೆಂದು ಬಗೆದು ಶಾಂತಿ ಮಾಡಿಸಿದರು. ಅಷ್ಟರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ನೀರಿನಿಂದ ಹರಡುತ್ತದೆಂದು 1854ರಲ್ಲೇ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತಲ ಸಾವುಗಳನ್ನು ಎಣಿಸಿ ತೋರಿಸಿದ್ದ. ಆದರೂ ಭಾರತದ ಆರೋಗ್ಯಾಧಿಕಾರಿಗಳಲ್ಲಿ ಅನೇಕರು ಕೆಟ್ಟ ಗಾಳಿಯೇ ಕಾರಣವೆಂಬ ವಾದವನ್ನು ದಶಕಗಟ್ಟಲೆ ಬಿಡಲಿಲ್ಲ. ರಾಬರ್ಟ್ ಕೋಖ್ 1884ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ, ಅಲ್ಲಿನ ಕೆರೆಯ ನೀರಿನಲ್ಲೂ ಅದನ್ನು ಕಂಡ ಮೇಲೆ ವಾದ ನಿಧಾನವಾಗಿ ಸೋತಿತು.

ಆಗ್ರಾದಲ್ಲಿ ರಾಸಾಯನಿಕ ಪರೀಕ್ಷಕನಾಗಿದ್ದ ಅರ್ನೆಸ್ಟ್ ಹ್ಯಾಂಕಿನ್ 1890ರ ದಶಕದಲ್ಲಿ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವ ಕ್ರಮವನ್ನು ಬಳಕೆಗೆ ತಂದ. ಅದು ಬ್ರಿಟಿಷ್ ಭಾರತದ ಉದ್ದಗಲಕ್ಕೂ ಹರಡಿತು. ಕಡುನೇರಳೆ ಹರಳುಗಳನ್ನು ಬಕೆಟ್ಟಿನಲ್ಲಿ ಕರಗಿಸಿ ಸಂಜೆ ಬಾವಿಗೆ ಸುರಿದು, ಹಗ್ಗದಲ್ಲಿ ಬಕೆಟ್ಟನ್ನು ಏರಿಳಿಸಿ ಕಲಕಿ, ರಾತ್ರಿಯೆಲ್ಲ ನೀರು ಸೇದದಂತೆ ಕಾಯುವುದು ಕ್ರಮ. ಇದು ಔಷಧವೆಂದೇ ಜಾರಿಯಾದರೂ ಬಾವಿಯ ಕಟ್ಟೆಯ ಮೇಲೆ, ಊರವರ ಕಣ್ಣೆದುರು ನಡೆದ ಮೊದಲ ರಾಸಾಯನಿಕ ಪರೀಕ್ಷೆಯೂ ಹೌದು. ನೀರಿನಲ್ಲಿ ಕೊಳೆತ ಎಲೆ, ಸಗಣಿ, ಹೊಲಸು ಹೆಚ್ಚಿದ್ದಷ್ಟೂ ಪರ್ಮಾಂಗನೇಟಿನ ಗುಲಾಬಿ ಬೇಗ ಮಾಯವಾಗಿ ಕಂದು ಬಣ್ಣ ಉಳಿಯುತ್ತದೆ. ಹೊಲಸಿಲ್ಲದ ಬಾವಿಯಲ್ಲಿ ಗುಲಾಬಿ ಬಹು ಹೊತ್ತು ನಿಲ್ಲುತ್ತದೆ. ಬಣ್ಣ ಉಳಿಯುವವರೆಗೂ ಇನ್ನಷ್ಟು ಹರಳು ಹಾಕಬೇಕೆಂಬ ನಿಯಮ ಅದನ್ನೇ ಆಧರಿಸಿತ್ತು. ಪರ್ಮಾಂಗನೇಟು ಕಾಲರಾ ರೋಗಾಣುವಿನ ಮೇಲೆ ಕೆಲಸ ಮಾಡಿದರೂ ಉಳಿದ ರೋಗಾಣುಗಳನ್ನು ಅಷ್ಟಾಗಿ ಕೊಲ್ಲುವುದಿಲ್ಲವೆಂದು ಖಚಿತವಾದ ಮೇಲೆ ಅದರ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಂದಿತು.

ಬ್ಲೀಚಿಂಗ್ ಪೌಡರಿನ ಜೊತೆ ಅಳತೆಯ ಲೆಕ್ಕವೂ ಬಂದಿತು. ಬಾವಿಯ ಅಗಲ, ನೀರಿನ ಆಳ ಹಿಡಿದು ನೀರಿನ ಮೊತ್ತ ಕಂಡುಕೊಂಡು, 1000 ಲೀಟರಿಗೆ ಸುಮಾರು 2.5 ಗ್ರಾಂ ಪುಡಿ ಹಾಕುವುದು ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿರುವ ಸರಾಸರಿ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್. ಪುಡಿ ಸುಮಾರು 70 ಗ್ರಾಂ. ಆದರೆ ಪ್ರತಿ ಬಾವಿಯ ಹೊಲಸು ಬೇರೆ ಬೇರೆ. ಎಷ್ಟು ಪುಡಿ ಬೇಕೆಂದು ಆ ಬಾವಿಯ ನೀರನ್ನೇ ಕೇಳಿ ತಿಳಿಯುವ ಉಪಾಯವನ್ನು ಸೈನ್ಯದ ವೈದ್ಯ ವಿಲಿಯಂ ಹೊರಾಕ್ಸ್ ರೂಪಿಸಿದ. ಅವನ ಪೆಟ್ಟಿಗೆಯಲ್ಲಿ ಆರು ಬಿಳಿ ಬಟ್ಟಲುಗಳು, ಒಂದು ಕಪ್ಪು ಬಟ್ಟಲು. ಬಿಳಿ ಬಟ್ಟಲುಗಳ ನೀರಿಗೆ ಒಂದಕ್ಕಿಂತ ಒಂದು ಹೆಚ್ಚಾಗಿ ಕ್ಲೋರಿನ್ ದ್ರಾವಣ ಹಾಕಿ, ಅರ್ಧ ಗಂಟೆ ಬಿಟ್ಟು, ಪಿಷ್ಟ ಮತ್ತು ಅಯೊಡೈಡ್ ಬೆರೆಸಿದ ಸೂಚಕದ ಹನಿ ಬಿಡಬೇಕು. ಯಾವ ಬಟ್ಟಲು ಮೊದಲು ನೀಲಿಯಾಗುತ್ತದೋ ಅದರ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ 455 ಲೀಟರ್ ನೀರಿಗೆ ಬೇಕಾದ ಪುಡಿಯ ಗ್ರಾಂ ಲೆಕ್ಕ ಸಿಗುತ್ತದೆ. ಪುಡಿ ಹಾಕಿದ ಒಂದು ಗಂಟೆಯ ನಂತರವೂ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡಲು ಆರ್ಥೊಟಾಲಿಡಿನ್ ಹನಿಯ ಹಳದಿ ಬಣ್ಣ ಬಹುಕಾಲ ಬಳಕೆಯಲ್ಲಿತ್ತು. ಮೈಲಾರದ ಭರತ ಹುಣ್ಣಿಮೆ ಜಾತ್ರೆ, ಕೊಟ್ಟೂರಿನ ರಥೋತ್ಸವದಂತಹ ಲಕ್ಷಾಂತರ ಜನ ಸೇರುವ ಕಡೆಗಳಲ್ಲಿ ನೀರಿನ ತಾಣಗಳಿಗೆ ಪುಡಿ ಹಾಕಿ ಕ್ಲೋರಿನ್ ನೋಡುವುದು ಆರೋಗ್ಯ ಸಿಬ್ಬಂದಿಯ ವಾಡಿಕೆಯ ಕೆಲಸವಾಯಿತು.

ರೋಗಾಣುವನ್ನೇ ನೇರವಾಗಿ ಹುಡುಕುವ ಪರೀಕ್ಷೆ ಮಾತ್ರ ಬಹು ದೂರದಲ್ಲಿತ್ತು. ಮದರಾಸು ಪ್ರಾಂತದ ನೀರಿನ ಪರೀಕ್ಷೆಯ ಕೇಂದ್ರ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್. 1899ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಪ್ರಾಂತದ ಸ್ಯಾನಿಟರಿ ಕಮಿಷನರ್ ಆಗಿದ್ದ ಡಬ್ಲ್ಯು. ಜಿ. ಕಿಂಗ್ ಅವರ ಹೆಸರಿಟ್ಟರು. ಉಷ್ಣದೇಶದ ಕೆರೆ ಬಾವಿಗಳಿಗೆ ಇಂಗ್ಲೆಂಡಿನ ಅಳತೆಗೋಲು ಹೊಂದುವುದಿಲ್ಲ ಎಂದು ವಾದಿಸಿ 1912ರಲ್ಲಿ ಉಷ್ಣವಲಯದ ನೀರಿನ ಬ್ಯಾಕ್ಟೀರಿಯಾಗಳ ಬಗ್ಗೆ ಪುಸ್ತಕ ಪ್ರಕಟಿಸಿದ ಡಬ್ಲ್ಯು. ಡಬ್ಲ್ಯು. ಕ್ಲೆಮೆಶಾ ಇಲ್ಲಿ ಕೆಲಸ ಮಾಡಿದ್ದವರು. ಇಂತಹ ಪರೀಕ್ಷೆಗೆ ಕಾಯಿಸಿ ಕ್ರಿಮಿರಹಿತಗೊಳಿಸಿದ ಸೀಸೆ, ಮಂಜುಗಡ್ಡೆ, ಬೇಗನೆ ತಲುಪುವ ದಾರಿ ಬೇಕು. ಹಡಗಲಿಯ ಹಳ್ಳಿಯೊಂದರಿಂದ ಗಾಡಿ, ರೈಲು ಹತ್ತಿ ಗಿಂಡಿ ಮುಟ್ಟುವಷ್ಟರಲ್ಲಿ ಸೀಸೆಯೊಳಗಿನ ಬ್ಯಾಕ್ಟೀರಿಯಾಗಳ ಲೆಕ್ಕ ಬಾವಿಯ ಲೆಕ್ಕವಾಗಿ ಉಳಿಯುತ್ತಿರಲಿಲ್ಲ. ಸೈನ್ಯದ ದಂಡು, ಪಟ್ಟಣದ ನಲ್ಲಿ ಇವಕ್ಕೆ ಪ್ರಯೋಗಾಲಯ ಒದಗಿತು. ಹಳ್ಳಿಯ ಮನೆಯವರ ಬಾವಿಗೆ ಒದಗಲಿಲ್ಲ.

ಮನೆಮನೆಯೂ ತಾನೇ ನೋಡಬಹುದಾಗಿದ್ದ ಕೇಡೊಂದು ಈ ಸೀಮೆಯಲ್ಲಿತ್ತು, ಅದು ನಾರುಹುಣ್ಣು. ಉತ್ತರ ಕರ್ನಾಟಕದ ಒಣನಾಡಿನಲ್ಲಿ ಇದು ಪ್ರತಿ ಬೇಸಿಗೆಯ ಕಾಟ. ಕಾಲಿನ ಬೊಕ್ಕೆಯೊಡೆದು ಮೀಟರಿನಷ್ಟು ಉದ್ದದ ದಾರದಂತಹ ಹುಳು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟು ಎಳೆಯಬೇಕು. ತುಂಡಾದರೆ ಹುಣ್ಣು ಕೀತು ತಿಂಗಳುಗಟ್ಟಲೆ ನೆಲ ಹಿಡಿಸುತ್ತದೆ. ಬಿತ್ತನೆಯ ಹೊತ್ತಿಗೇ ರೈತ ಮಲಗಿದರೆ ಆ ವರ್ಷದ ಬೆಳೆ ಹೋದಂತೆಯೇ. ಉರಿ ತಾಳದೆ ರೋಗಿ ಮೆಟ್ಟಿಲ ಬಾವಿಯ ನೀರಿಗೆ ಕಾಲಿಟ್ಟರೆ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ನೀರುಚಿಗಟ ಅವನ್ನು ತಿನ್ನುತ್ತದೆ. ಆ ನೀರನ್ನು ಕುಡಿದವರಿಗೆ ವರ್ಷದ ಬಳಿಕ ಹುಣ್ಣು ಏಳುತ್ತದೆ. ಸೈಕ್ಲಾಪ್ಸಿನ ಈ ಪಾತ್ರವನ್ನು ರಷ್ಯದ ಫೆಡ್ಚೆಂಕೊ 1870ರ ಸುಮಾರಿಗೆ ಕಂಡುಹಿಡಿದಿದ್ದ.

ಈ ಸೀಮೆಗೆ ತಾಗಿಕೊಂಡೇ ಇರುವ, ಆಗ ಮೈಸೂರು ಸಂಸ್ಥಾನದಲ್ಲಿದ್ದ ಚಿತ್ರದುರ್ಗ ಜಿಲ್ಲೆಯಲ್ಲಿ 1930ರ ದಶಕದಲ್ಲಿ ವಿ. ಎನ್. ಮೂರ್ತಿ ನಾರುಹುಳುವಿನ ಬಗ್ಗೆ ನಡೆಸಿದ ಅಧ್ಯಯನ ಜಗತ್ತಿನ ವೈದ್ಯಸಾಹಿತ್ಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅವರು ಮೆಟ್ಟಿಲ ಬಾವಿಗಳನ್ನು ಒಂದೊಂದಾಗಿ ನೋಡಿ, ಹುಳುವಿನ ಮರಿ ಸೈಕ್ಲಾಪ್ಸಿನೊಳಗೆ ಬೆಳೆಯುವ ಹಂತಗಳನ್ನು ಗುರುತಿಸಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಜೊತೆಗೂಡಿ ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಡುವ ಉಪಾಯವನ್ನು 1936ರಲ್ಲಿ ಪ್ರಕಟಿಸಿದರು. ಚಿತ್ರದುರ್ಗದ ಊರುಗಳಿಗೂ ಕೂಡ್ಲಿಗಿ, ಹರಪನಹಳ್ಳಿಯ ಊರುಗಳಿಗೂ ಬಾವಿಯ ಬಗೆ ಒಂದೇ, ನಡುವೆ ಇದ್ದದ್ದು ಸಂಸ್ಥಾನದ ಗಡಿ ಮಾತ್ರ. ಸೈಕ್ಲಾಪ್ಸ್ ಒಂದು ಮಿಲಿಮೀಟರಿನಷ್ಟು ದೊಡ್ಡದು. ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರೆ ಜಿಗಿಜಿಗಿದು ಓಡುವ ಬಿಳಿ ಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ಗಾಳಿಸುವುದೂ ಸುಲಭ, ಎರಡು ಪದರದ ದಟ್ಟ ಬಟ್ಟೆ ಸಾಕು. ಪ್ರಯೋಗಾಲಯದ ಹಂಗಿಲ್ಲದೆ ಮನೆಯಲ್ಲೇ ಮುಗಿಯುವ ಪರೀಕ್ಷೆಯಿದು. ಕೊನೆಗೆ ಈ ಕಾಯಿಲೆ ಸೋತದ್ದು ಇಂತಹ ಸರಳ ಉಪಾಯಗಳಿಂದಲೇ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ನೀರಿನ ಸೀಸೆಗಳು ಮದರಾಸಿನ ಬದಲು ಬೆಂಗಳೂರಿನ ದಾರಿ ಹಿಡಿದವು. ತುಂಗಭದ್ರಾ ಅಣೆಕಟ್ಟೆ ಅದೇ ಕಾಲದಲ್ಲಿ ಮುಗಿದು, ಮುಳುಗಡೆಯಾದ ಊರುಗಳ ಜನ ಹಗರಿಬೊಮ್ಮನಹಳ್ಳಿಯ ಸುತ್ತಮುತ್ತ ಹೊಸ ಊರು ಕಟ್ಟಿ ಹೊಸ ಬಾವಿಗಳನ್ನು ತೋಡಿದರು. ಕೇಂದ್ರ ಸರ್ಕಾರ 1983–84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರುಮಾಡಿದಾಗ ಕಾಯಿಲೆ ಬೇರೂರಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಮೆಟ್ಟಿಲ ಬಾವಿಗಳಿಗೆ ಗೋಡೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡಲಾಯಿತು, ಟೆಮೆಫಾಸ್ ಎಂಬ ಕೀಟನಾಶಕ ಹಾಕಿ ಸೈಕ್ಲಾಪ್ಸನ್ನು ಕೊಲ್ಲಲಾಯಿತು, ಸೋಸುವ ಬಟ್ಟೆ ಹಂಚಲಾಯಿತು, ಊರೂರಿಗೆ ಕೊಳವೆಬಾವಿ ಕೊರೆಯಲಾಯಿತು. ಭಾರತದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಿತು. ಲಸಿಕೆಯಿಲ್ಲದೆ, ಔಷಧಿಯಿಲ್ಲದೆ, ಕುಡಿಯುವ ನೀರನ್ನು ಕಾಪಾಡಿದ್ದರಿಂದಲೇ ಒಂದು ರೋಗ ಅಳಿದದ್ದು ಸಣ್ಣ ಸಾಧನೆಯಲ್ಲ. ಅದಕ್ಕೆ ಸಿಗಬೇಕಾದ ನೆನಪು ಈ ಸೀಮೆಯಲ್ಲಿ ಸಿಕ್ಕಿಲ್ಲ.

ಮೆಟ್ಟಿಲ ಬಾವಿಯ ಜಾಗಕ್ಕೆ ಬಂದದ್ದು ಜನ ಬೋರಿಂಗ್ ಎಂದು ಕರೆಯುವ ಕೈಪಂಪು. 1970ರ ದಶಕದ ಬರಗಳ ನಂತರ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ಹಳ್ಳಿಗೆ ಬಂದವು, ಆ ದಶಕದ ಕೊನೆಗೆ ಇಂಡಿಯಾ ಮಾರ್ಕ್ 2 ಪಂಪು ರೂಪುಗೊಂಡಿತು. ನೀರು ತಣ್ಣಗೆ, ತಿಳಿಯಾಗಿ, ಹುಳುವಿಲ್ಲದೆ ಮೇಲೆ ಬಂದಿತು. ಸರ್ಕಾರದ ಬೋರಿನ ಹಿಂದೆ ಹೊಲದ ಬೋರು, ಹಿತ್ತಲ ಬೋರು ಬಂದವು. ನೀರು ಕೆಳಗಿಳಿದಂತೆ ಕೊರೆಯುವ ಆಳವೂ ಏರಿತು. ಆಳದ ನೀರು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಬಂಡೆಯ ಪಟ್ಟಿ ತೆಂಕಣದಿಂದ ಬಡಗಣಕ್ಕೆ ಬಳ್ಳಾರಿಯ ಕಡೆಗೆ ಸಾಗುತ್ತದೆ. ಇಂತಹ ಗ್ರಾನೈಟು, ನೈಸ್ ಕಲ್ಲುಗಳಲ್ಲಿರುವ ಬಯೊಟೈಟ್, ಅಪಟೈಟ್ ಮೊದಲಾದ ಖನಿಜಗಳು ಸವೆದು ನೀರಿಗೆ ಫ್ಲೋರೈಡ್ ಬಿಡುತ್ತವೆ.

ಫ್ಲೋರೈಡಿನ ಕೇಡಾದ ಫ್ಲೋರೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದು ಬಳ್ಳಾರಿಯೂ ಸೇರಿದ್ದ ಅದೇ ಮದರಾಸು ಪ್ರಾಂತದಲ್ಲಿ. ಕಿಂಗ್ ಇನ್‌ಸ್ಟಿಟ್ಯೂಟಿನ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಕತ್ತು ಮರಗಟ್ಟಿದ ರೋಗಿಗಳನ್ನು ಪರೀಕ್ಷಿಸಿ, ಬಾವಿಯ ನೀರಿನ ಫ್ಲೋರೈಡೇ ಕಾರಣವೆಂದು ಪ್ರಕಟಿಸಿದರು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ನಲ್ಗೊಂಡ ಕಡೆಯ ಎಳೆಯರಲ್ಲಿ ಮೊಣಕಾಲು ಒಳಬಾಗುವ ಬಗೆಯನ್ನು ವಿವರಿಸಿದರು. ಜೋಳವೇ ಮುಖ್ಯ ಆಹಾರವಾದ ಕಡೆ ಅದು ಹೆಚ್ಚೆಂದು ಅವರು ಗಮನಿಸಿದ್ದು ಜೋಳದ ರೊಟ್ಟಿಯ ಈ ಸೀಮೆಗೂ ಕಾಳಜಿಯ ಮಾತು. ಬಳ್ಳಾರಿ, ಚಿತ್ರದುರ್ಗ, ದಾವಣಗೆರೆ, ಕೊಪ್ಪಳ, ಗದಗ ಜಿಲ್ಲೆಗಳು ಕರ್ನಾಟಕದ ಫ್ಲೋರೈಡ್ ಪಟ್ಟಿಯಲ್ಲಿ ಸೇರಿವೆ. ಕೂಡ್ಲಿಗಿ ಮತ್ತು ಹರಪನಹಳ್ಳಿ ಕಡೆಯ ಬೋರುಗಳೂ ಇದರಿಂದ ಹೊರತಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ ಇದರ ಮೊದಲ ಗುರುತು. ಅದು ಕಾಣಿಸುವ ಹೊತ್ತಿಗೆ ವರ್ಷಗಟ್ಟಲೆ ಆ ನೀರು ಕುಡಿದಾಗಿರುತ್ತದೆ.

ಹಳೆಯ ಅಡುಗೆಮನೆ ಪರೀಕ್ಷೆ ಇಲ್ಲಿ ಬರೀ ಸೋಲಲಿಲ್ಲ, ತಪ್ಪು ದಾರಿಯನ್ನೂ ತೋರಿತು. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಅದರೊಡನೆ ಕೂಡಿ ಕಲ್ಲಾಗುವುದರಿಂದ ಕರಗಿ ಉಳಿಯುವುದು ಕಡಿಮೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಮೆದುನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಏರುತ್ತದೆ. ಬೇಳೆ ಚೆನ್ನಾಗಿ ಬೇಯುವುದು, ಸಾಬೂನು ನೊರೆಯಾಗುವುದು ಇಂತಹ ಮೆದುನೀರಿನಲ್ಲೇ. ಊರಿನಲ್ಲಿ ಸಿಹಿಯೆಂದು ಹೆಸರಾದ ಬೋರು ಸವಳು ಬೋರಿಗಿಂತ ಹೆಚ್ಚು ಅಪಾಯದ್ದಾಗಿರಬಹುದು. ತಲೆಮಾರುಗಳ ಅನುಭವ ಸುಳ್ಳಾಗಿರಲಿಲ್ಲ. ಅದು ಸೇದುವ ಬಾವಿಯ ಮೇಲುನೀರನ್ನು ಬಲ್ಲ ಅನುಭವ. ಆಳದ ಕಲ್ಲಿನ ನೀರು ಅದಕ್ಕೆ ಪರಿಚಯವಿರಲಿಲ್ಲ.

ಆದ್ದರಿಂದ ಬಣ್ಣದ ಹನಿಗಳ ಪರೀಕ್ಷೆ ಇಲ್ಲಿ ಅನಿವಾರ್ಯವಾಯಿತು. ಜಿರ್ಕೋನಿಯಂ ಜೊತೆ ಬಣ್ಣದ ದ್ರವ್ಯವೊಂದನ್ನು ಕೂಡಿಸಿದ ಸೂಚಕವನ್ನು ನೀರಿಗೆ ಹಾಕಿದಾಗ ಫ್ಲೋರೈಡ್ ಜಿರ್ಕೋನಿಯಂಅನ್ನು ಕಿತ್ತುಕೊಳ್ಳುತ್ತದೆ. ಕೆಂಪು ತಿಳಿಯಾಗುತ್ತ ಹಳದಿಯ ಕಡೆಗೆ ತಿರುಗುತ್ತದೆ. ಆ ಬಣ್ಣವನ್ನು ಅಚ್ಚುಮಾಡಿದ ಪಟ್ಟಿಯೊಡನೆ ಹೋಲಿಸಿದರೆ ಫ್ಲೋರೈಡಿನ ಅಂದಾಜು ಸಿಗುತ್ತದೆ. 1930ರ ದಶಕದ ಪ್ರಯೋಗಾಲಯದ ಈ ವಿಧಾನ ಕಿರಿದಾಗುತ್ತ ಬಂದು ಕೈಚೀಲದ ಪೆಟ್ಟಿಗೆಯೊಳಗೆ ಸೇರಿತು. ಎಷ್ಟಿದ್ದರೆ ಸರಿ ಎಂಬ ಪ್ರಶ್ನೆಗೆ ಭಾರತೀಯ ಮಾನಕ ಸಂಸ್ಥೆ 1983ರಲ್ಲಿ ಕುಡಿಯುವ ನೀರಿಗೆ ಐಎಸ್ 10500 ಎಂಬ ಮಾನಕ ತಂದು ಉತ್ತರ ಕೊಟ್ಟಿತು. 1991 ಮತ್ತು 2012ರಲ್ಲಿ ಅದು ಪರಿಷ್ಕಾರಗೊಂಡಿತು. ಅದರಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಗಡಸುತನ 200, ಹೆಚ್ಚೆಂದರೆ 600. 100 ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಒಂದೂ ಇರಬಾರದು.

ಕೊನೆಯ ಈ ನಿಯಮವನ್ನು ಹಳ್ಳಿಯಲ್ಲೇ ನೋಡುವ ದಾರಿಯೊಂದು 1982ರಲ್ಲಿ ತೆರೆಯಿತು. ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯನ್ನು ವಿವರಿಸಿದರು. ಸೀಸೆಯೊಳಗೆ ಪೆಪ್ಟೋನು, ಥಯೊಸಲ್ಫೇಟು, ಕಬ್ಬಿಣದ ಲವಣ ಹೀರಿ ಒಣಗಿದ ಕಾಗದ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿಟ್ಟರೆ, ಮಲದಿಂದ ಬಂದ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಹೊರಬಿಟ್ಟು, ಅದು ಕಬ್ಬಿಣದೊಡನೆ ಸೇರಿ ಇಡೀ ನೀರು ಕಪ್ಪಾಗುತ್ತದೆ. ಒಂದೆರಡು ದಿನ ಕಾದರೆ ಉತ್ತರ ಸಿಗುತ್ತದೆ. ಇದಕ್ಕೆ ಬೇಕಾದ 30ರಿಂದ 37 ಡಿಗ್ರಿ ಕಾವು ಬಳ್ಳಾರಿ ಸೀಮೆಯ ಮನೆಯೊಳಗೆ ವರ್ಷದ ಹೆಚ್ಚಿನ ಕಾಲ ತಾನಾಗಿಯೇ ಇರುತ್ತದೆ. ಮಂಜುಗಡ್ಡೆಯೂ ಬೇಡ, ಗಿಂಡಿಗೂ ಹೋಗಬೇಕಿಲ್ಲ. ನೆಲದೊಳಗೇ ಗಂಧಕದ ವಾಸನೆಯಿರುವ ನೀರು ರೋಗಾಣುವಿಲ್ಲದೆಯೂ ಕಪ್ಪಾಗಬಹುದು ಎಂಬುದು ಇದರ ಒಂದು ದೊಡ್ಡ ಕೊರತೆ. ಪರೀಕ್ಷೆಯ ನಂತರ ಸೀಸೆಯೊಳಗೆ ಬ್ಲೀಚಿಂಗ್ ಪೌಡರ್ ಹಾಕಿ, ಮಕ್ಕಳ ಕೈಗೆ ಸಿಗದಂತೆ ಹೂಳಬೇಕು.

2006ರಲ್ಲಿ ಶುರುವಾದ ಗ್ರಾಮೀಣ ಕುಡಿಯುವ ನೀರಿನ ಗುಣಮಟ್ಟ ನಿಗಾ ಕಾರ್ಯಕ್ರಮ ಇಂತಹ ಕಿಟ್ಟುಗಳನ್ನು ಗ್ರಾಮ ಪಂಚಾಯಿತಿಗಳಿಗೆ ಹಂಚಿತು. 2019ರ ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಲು ಕಲಿಸಬೇಕೆಂದಿತು, ಸರ್ಕಾರಿ ಪ್ರಯೋಗಾಲಯಗಳನ್ನು ಜನಸಾಮಾನ್ಯರ ಸೀಸೆಗೂ ಸಣ್ಣ ಶುಲ್ಕಕ್ಕೆ ತೆರೆಯಿತು. ನೀರನ್ನು ವಿಂಗಡಿಸುವ ಕೆಲಸ ಇದರಿಂದ ಹಿಂದಿನಂತೆ ಹೆಂಗಸರ ಕೈಗೇ ಮರಳಿತು, ಈ ಸಲ ಹನಿ ಮತ್ತು ಬಣ್ಣಪಟ್ಟಿಯೊಡನೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಈ ಕಿಟ್ಟುಗಳು ಮೊದಲು ನೋಡುವುದು ಪಂಚಾಯಿತಿಯ ಬೋರು, ಟ್ಯಾಂಕು, ನಲ್ಲಿಗಳನ್ನು. ಹಿತ್ತಲ ಬೋರು, ಹೊಲದ ಬಾವಿ ಇವುಗಳ ನೀರನ್ನು ಮನೆಯವರು ತಾವಾಗಿ ಕೊಂಡೊಯ್ಯದಿದ್ದರೆ ಯಾರೂ ನೋಡುವುದಿಲ್ಲ.

ಸಾರ್ವಜನಿಕ ನೀರಿನ ಮೇಲೂ ನಿಗಾ ತಪ್ಪಿದರೆ ಏನಾಗುತ್ತದೆಂಬುದನ್ನು ಈ ಸೀಮೆ ಇತ್ತೀಚೆಗೆ ಕಂಡಿದೆ. 2021ರ ಅಕ್ಟೋಬರ್ 2ರಂದು ಈ ಸೀಮೆಯ ಹೊಸ ಜಿಲ್ಲೆಯಾದ ವಿಜಯನಗರ ಉದ್ಘಾಟನೆಗೊಂಡ ಆಸುಪಾಸಿನ ದಿನಗಳಲ್ಲೇ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ನರಳಿದರು. ಸರ್ಕಾರ ತನಿಖೆಗೆ ಆದೇಶಿಸಿತು. ಹ್ಯಾಂಕಿನ್ ಬಾವಿಗೆ ಹರಳು ಸುರಿದ ಕಾಲದಿಂದ ನೂರಿಪ್ಪತ್ತು ವರ್ಷ ಕಳೆದ ಮೇಲೆ ನಡೆದ ಸಾವುಗಳಿವು.

ಇಂದು ಮನೆಯಲ್ಲಿ ನೀರು ಪರೀಕ್ಷಿಸುವವರಿಗೆ ಕಿಟ್ಟಿಗಿಂತ ಸುಲಭವಾಗಿ ಸಿಗುವುದು ಟಿಡಿಎಸ್ ಮೀಟರ್. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ವಿದ್ಯುತ್ ಹರಿವಿನಿಂದ ಅಂದಾಜಿಸುತ್ತದೆ. ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂಬುದನ್ನು ಹೇಳಲಾರದು. ಮೀಟರು 400 ತೋರಿಸುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಶುದ್ಧೀಕರಣ ಯಂತ್ರ ಮಾರುವವರು ಕೆಲವೊಮ್ಮೆ ಎರಡು ಲೋಹದ ಕಡ್ಡಿಗಳನ್ನು ನೀರಿಗಿಳಿಸಿ, ಕರೆಂಟು ಹಾಯಿಸಿ, ನೀರು ಕಂದಾಗುವುದನ್ನು ತೋರಿಸುತ್ತಾರೆ. ಆ ಕಂದು ಕಡ್ಡಿಯ ಕಬ್ಬಿಣದ್ದು, ನೀರಿನ ಹೊಲಸಲ್ಲ. ಲವಣವಿಲ್ಲದ ನೀರಿನಲ್ಲಿ ಕರೆಂಟು ಹರಿಯದೆ ಅದು ತಿಳಿಯಾಗಿಯೇ ಉಳಿಯುತ್ತದೆ. ಇದು ಪರೀಕ್ಷೆಯಲ್ಲ, ಮೋಸ. ಕುದಿಸುವುದು ರೋಗಾಣುವಿಗೆ ಖಚಿತ ಮದ್ದು. ಫ್ಲೋರೈಡಿಗೆ ಅಲ್ಲ, ನೀರು ಇಂಗಿದಷ್ಟೂ ಅದು ಹೆಚ್ಚುತ್ತದೆ. ಫ್ಲೋರೈಡ್ ತೆಗೆಯಲು ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲಿ ರೂಪಿಸಿತು. ಈಗ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು ಆರ್‌ಒ ಪದ್ಧತಿಯವು. ಅವುಗಳ ಪೊರೆ ಸವೆದರೆ ಫ್ಲೋರೈಡ್ ದಾಟಿ ಬರುವುದರಿಂದ ಘಟಕದ ನೀರಿಗೂ ಪರೀಕ್ಷೆ ಬೇಕು.

ಸ್ವಂತ ಬಾವಿ ಅಥವಾ ಬೋರಿನ ನೀರು ಕುಡಿಯುವ ಮನೆಯವರು ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಬಿದ್ದ ಮೇಲೆ, ಬ್ಯಾಕ್ಟೀರಿಯಾ ಪರೀಕ್ಷೆ ಮಾಡಬೇಕು. ಫ್ಲೋರೈಡ್, ನೈಟ್ರೇಟ್ ಮತ್ತು ಗಡಸುತನವನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ತಿಪ್ಪೆಯೋ ಶೌಚದ ಗುಂಡಿಯೋ ಬಾವಿಯಿಂದ 15 ಮೀಟರಿನೊಳಗಿದ್ದರೆ ನೈಟ್ರೇಟನ್ನು ಮರೆಯಕೂಡದು. ಕಿಟ್ಟಿನ ಬಣ್ಣ ಅಂಚಿನಲ್ಲಿದ್ದರೆ ಒಂದು ಲೀಟರ್ ನೀರನ್ನು ಅದೇ ನೀರಿನಿಂದ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಒಯ್ದು ಖಚಿತಪಡಿಸಿಕೊಳ್ಳಬೇಕು. ಹೊಸ ಬೋರು ಕೊರೆಸಿದಾಗ, ಹಳೆಯದನ್ನು ಇನ್ನೂ ಆಳಕ್ಕೆ ಇಳಿಸಿದಾಗ, ಫ್ಲೋರೈಡ್ ಎಷ್ಟೆಂದು ತಿಳಿಯುವವರೆಗೆ ಆ ನೀರನ್ನು ಎಂಟು ವರ್ಷದೊಳಗಿನ ಮಕ್ಕಳಿಗೆ ಕುಡಿಸಬಾರದು. ಅವರ ಶಾಶ್ವತ ಹಲ್ಲುಗಳ ಮೇಲ್ಪದರ ಆ ವಯಸ್ಸಿನೊಳಗೆ ರೂಪುಗೊಳ್ಳುತ್ತದೆ, ಒಮ್ಮೆ ಕೆಟ್ಟರೆ ಮತ್ತೆ ಸರಿಯಾಗುವುದಿಲ್ಲ.